ವಿಯೆನ್ನಾದಲ್ಲಿ ರೋಗಿ ಸುಭಾಷರು ಕಂಡದ್ದು

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸುಭಾಷಚಂದ್ರ ಬೋಸರೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸೈನಿಕನ ಉಡುಪು, ಬೂಟು, ಟೊಪ್ಪಿಗೆ. ಅಂಗಡಿಗಳ ಕ್ಯಾಲೆಂಡರಿನಲ್ಲಿಯೂ ಅದೇ ಚಿತ್ರ. ಈ ಸಂಜೆ ನಾನು ಹೇಳಬೇಕೆಂದಿರುವುದು ಹೊಟ್ಟೆನೋವಿನಿಂದ ನರಳುತ್ತ ಪರದೇಶದಲ್ಲಿ ಔಷಧ ಮಾಡಿಸಿಕೊಳ್ಳುತ್ತಿದ್ದ ಸುಭಾಷರ ವಿಷಯ.

1932ರ ಜನವರಿಯಲ್ಲಿ ಬ್ರಿಟಿಷ್ ಸರಕಾರ ಅವರನ್ನು ವಿಚಾರಣೆಯಿಲ್ಲದೆ ಹಿಡಿದಿಟ್ಟಿತು. ಜೈಲಿನಿಂದ ಜೈಲಿಗೆ ಸಾಗಿಸಿದಂತೆ ಕಾಯಿಲೆಯೂ ಬಲಿಯಿತು. ಕೊನೆಗೆ ಸರಕಾರ, ಯೂರೋಪಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳಬಹುದು, ಖರ್ಚು ಮಾತ್ರ ನಿಮ್ಮದೇ ಎಂದಿತು. ಹಿಡಿದವರು ಇವರು, ಕಾಯಿಲೆ ಬಲಿಯುವಂತೆ ಇಟ್ಟವರು ಇವರು, ಬಿಲ್ಲು ರೋಗಿಯ ತಲೆಗೆ! ಸುಭಾಷರಿಗೆ ಬಂಧುಮಿತ್ರರಿದ್ದರು. ಅದೇ ಜೈಲುಗಳಲ್ಲಿ ಕೆಮ್ಮುತ್ತ ಬಿದ್ದಿದ್ದ ಹೆಸರಿಲ್ಲದ ಕೈದಿಗಳಿಗೆ ಹಡಗಿನ ಟಿಕೆಟ್ಟು ಯಾರು ಕೊಡಿಸಬೇಕಾಗಿತ್ತು? 1933ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಡಗು ಹತ್ತಿದವರು ಮಾರ್ಚಿನಲ್ಲಿ ಆಸ್ಟ್ರಿಯಾದ ವಿಯೆನ್ನಾ ಮುಟ್ಟಿದರು.

ವೈದ್ಯಕ್ಕೆ ಹೆಸರಾದ ಊರು ಅದು. ವಿಠಲಭಾಯಿ ಪಟೇಲರೂ ಕಾಯಿಲೆಯವರಾಗಿ ಅಲ್ಲಿಗೆ ಬಂದಿದ್ದರು. ಇಬ್ಬರು ರೋಗಿಗಳೂ ಸೇರಿ ಅದೇ ಮೇ ತಿಂಗಳಲ್ಲಿ ಹೇಳಿಕೆ ಹೊರಡಿಸಿ, ಗಾಂಧೀಜಿ ಕಾನೂನುಭಂಗ ಚಳವಳಿಯನ್ನು ನಿಲ್ಲಿಸಿದ್ದನ್ನು ಖಂಡಿಸಿದರು. ಅಕ್ಟೋಬರಿನಲ್ಲಿ ವಿಠಲಭಾಯಿಯವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳಲ್ಲಿ ಶುಶ್ರೂಷೆಗೆ ನಿಂತಿದ್ದವರು ಸುಭಾಷರು.

ಚಿಕಿತ್ಸೆಯೆಂದರೆ ಬರಿಯ ಗುಳಿಗೆಯಲ್ಲ. ಗಾಸ್ಟೈನ್ ಎಂಬ ಬೆಟ್ಟದೂರಿನಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನ. ಕಾರ್ಲ್ಸ್‌ಬಾಡಿನಲ್ಲಿ ಬುಗ್ಗೆಯ ನೀರನ್ನೇ ಕುಡಿಯುವುದು; ರೋಗಿಗಳು ಕೈಯಲ್ಲೊಂದು ಬಟ್ಟಲು ಹಿಡಿದು, ಗುಟುಕರಿಸುತ್ತ ತಿರುಗಾಡುವುದು ಅಲ್ಲಿಯ ಪದ್ಧತಿ. ವಿಯೆನ್ನಾದ ಕಾಫಿ ಹೋಟೆಲುಗಳ ಮಾತು ಕೇಳಿದರೆ ನಿಮಗೆ ಹೊಟ್ಟೆಯುರಿದೀತು. ಒಂದು ಬಟ್ಟಲು ಕಾಫಿ, ಜೊತೆಗೆ ಒಂದು ಲೋಟ ನೀರು, ಕೋಲಿಗೆ ಸಿಕ್ಕಿಸಿದ ಪತ್ರಿಕೆಗಳು. ಎಷ್ಟು ಹೊತ್ತು ಕುಳಿತರೂ ಏಳಿ ಎನ್ನುವವರಿಲ್ಲ. ನಮ್ಮಲ್ಲಿ ಬೈಟೂ ಕಾಫಿ ಮುಗಿಯುವ ಮೊದಲೇ ಮಾಣಿ ಮೇಜು ಒರೆಸಲು ಬರುತ್ತಾನೆ, ಗೋಡೆಯ ಮೇಲೆ ‘ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ಬೇರೆ!

ಅಷ್ಟನ್ನೇ ನೋಡಿ ಬಂದಿದ್ದರೆ ಸುಭಾಷರೂ ಒಬ್ಬ ಪ್ರವಾಸಿಯಾಗುತ್ತಿದ್ದರು. ಅವರು 1924ರಲ್ಲಿ ಕಲ್ಕತ್ತಾ ಕಾರ್ಪೊರೇಷನ್ನಿನ ಮುಖ್ಯಾಧಿಕಾರಿಯಾಗಿದ್ದವರು, 1930ರಲ್ಲಿ ಮೇಯರಾದವರು. ಚರಂಡಿ, ನಲ್ಲಿ, ಕಂದಾಯ ಇವುಗಳ ಕಷ್ಟ ಬಲ್ಲವರು. ಸ್ವಲ್ಪ ಎದ್ದು ಓಡಾಡುವಂತಾದಾಗ ಅವರು ಹೋಗಿ ನೋಡಿದ್ದು ವಿಯೆನ್ನಾ ಮುನ್ಸಿಪಾಲಿಟಿಯ ಕೆಲಸವನ್ನು. ನೋಡಿದ್ದನ್ನು ಕಲ್ಕತ್ತೆಯ ಮೇಯರಿಗೆ ಬರೆದೂ ಕಳಿಸಿದರು.

ಏನಿತ್ತು ಅಲ್ಲಿ? ಹಿಂದೆ ವಿಯೆನ್ನಾದ ಕೆಲಸಗಾರರು ಇದ್ದದ್ದು ನಮ್ಮ ವಠಾರಗಳಂಥ ಕಟ್ಟಡಗಳಲ್ಲಿ. ನಲ್ಲಿ ಓಣಿಯಲ್ಲಿ, ಕಕ್ಕಸು ಓಣಿಯಲ್ಲಿ, ನಾಲ್ಕಾರು ಮನೆಗೆ ಒಂದು. ನಲ್ಲಿಯ ಬಳಿ ಹೆಂಗಸರ ಜಗಳಕ್ಕೆ ಆ ಊರೂ ಪ್ರಸಿದ್ಧ. ಬಾಡಿಗೆ ಕಟ್ಟಲಾರದವರು ಮನೆಯ ಮಂಚವನ್ನೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ರಾತ್ರಿ ಪಾಳಿಯವನು ಬಂದು ಹಗಲು ಪಾಳಿಯವನ ಹಾಸಿಗೆಯಲ್ಲಿ ಮಲಗುವುದು. 1919ರಲ್ಲಿ ಸಮಾಜವಾದಿಗಳು ಚುನಾವಣೆ ಗೆದ್ದು ನಗರದ ಆಡಳಿತ ಹಿಡಿದರು. 1934ರ ವೇಳೆಗೆ ಅವರು ಕಟ್ಟಿದ ಮನೆಗಳು ಅರುವತ್ತು ಸಾವಿರಕ್ಕೂ ಹೆಚ್ಚು. ಒಳಗೇ ನೀರು, ಒಳಗೇ ಕಕ್ಕಸು. ಅವುಗಳಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಎಂಬುದು 1930ರಲ್ಲಿ ತೆರೆದದ್ದು, ಒಂದು ಕಿಲೋಮೀಟರಿಗೂ ಉದ್ದ, 1382 ಮನೆ. ಅದರಲ್ಲೇ ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ. 1927ರಿಂದ ಊರಿನಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಬಟ್ಟೆಯ ಗಂಟು ಮುನ್ಸಿಪಾಲಿಟಿಯ ಉಡುಗೊರೆ. ಬಡವರ ಕೂಸು, ಸಾಹುಕಾರರ ಕೂಸು ಎಂಬ ಭೇದವಿಲ್ಲ.

ಅಂಗಡಿಯ ಯಜಮಾನರೊಬ್ಬರು ಆಗಲೇ ನನ್ನನ್ನು ಕೇಳಿದರು: “ಮೇಷ್ಟ್ರೇ, ಇದಕ್ಕೆಲ್ಲ ದುಡ್ಡು ಯಾರಪ್ಪನ ಮನೆಯದು? ಕೊನೆಗೆ ನಮ್ಮ ಗಲ್ಲಾಪೆಟ್ಟಿಗೆಗೇ ಕೈ ತಾನೇ?” ಕೇಳಬೇಕಾದ ಪ್ರಶ್ನೆಯೇ. 1923ರಲ್ಲಿ ಹ್ಯೂಗೋ ಬ್ರೈಟ್ನರ್ ಎಂಬ ಹಣಕಾಸಿನ ಸದಸ್ಯ ಮನೆ ಕಟ್ಟುವ ತೆರಿಗೆ ತಂದ. ಪುಟ್ಟ ಮನೆಗೆ ಪುಡಿಗಾಸು. ಬಂಗಲೆ ದೊಡ್ಡದಾದಷ್ಟೂ ದರ ಏರುತ್ತಿತ್ತು. ಇನ್ನೂರರಲ್ಲಿ ಒಂದರಷ್ಟಿದ್ದ ಭಾರಿ ಕಟ್ಟಡಗಳಿಂದಲೇ ಈ ತೆರಿಗೆಯ ಅರ್ಧದ ಸಮೀಪ ಬಂತು. ಕಾರಿಗೆ, ಪಂದ್ಯದ ಕುದುರೆಗೆ, ಷಾಂಪೇನಿಗೆ, ಮನೆಯಾಳುಗಳ ಹಿಂಡಿಗೆ ಬೇರೆ ತೆರಿಗೆ. ಸಣ್ಣ ಅಂಗಡಿಯವನ ಮೇಲೆ ಬಿದ್ದ ಭಾರ ಸಣ್ಣದೇ.

ಬಂಗಲೆಯವರು ಸುಮ್ಮನಿರಲಿಲ್ಲ. 1934ರ ಫೆಬ್ರವರಿ 12ರಂದು ಕೆಲಸಗಾರರಿಗೂ ಡಾಲ್ಫುಸ್‌ನ ಸರಕಾರಕ್ಕೂ ಕಾದಾಟ ಹತ್ತಿತು. ಸರಕಾರ ಆ ಮನೆಗಳ ಮೇಲೆಯೇ ಫಿರಂಗಿ ಹಾರಿಸಿತು. ಮೇಯರ್ ಕಾರ್ಲ್ ಸೈಟ್ಸ್ ಸೆರೆಯಾದ, ಪಕ್ಷಕ್ಕೆ ನಿಷೇಧ ಬಿತ್ತು. ಇಷ್ಟನ್ನು ಬಲ್ಲ ಸುಭಾಷರು ಇಟಲಿಗೆ ಹೋಗಿ ಮುಸೋಲಿನಿಯನ್ನು ಕಂಡದ್ದೂ ಉಂಟು. ಅವರ ದೇಶಭಕ್ತಿಗೆ ಕೈಮುಗಿಯುತ್ತೇನೆ. ಆ ಭೇಟಿಯನ್ನು ಮಾತ್ರ ಒಪ್ಪಲಾರೆ.

1935ರ ಏಪ್ರಿಲಿನಲ್ಲಿ ವಿಯೆನ್ನಾದಲ್ಲಿಯೇ ಅವರ ಪಿತ್ತಕೋಶದ ಆಪರೇಷನ್ ಆಯಿತು. 1936ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಕಾಲಿಟ್ಟೊಡನೆ ಪೋಲೀಸರು ಪುನಃ ಹಿಡಿದರು.

ಫಿರಂಗಿಯ ಏಟು ತಿಂದ ಆ ಮನೆಗಳು ಇಂದಿಗೂ ನಿಂತಿವೆ, ಇಂದಿಗೂ ನಗರಸಭೆಯವೇ, ಇಂದಿಗೂ ಬಾಡಿಗೆಗೇ. ಇನ್ನು ನಮ್ಮ ವಠಾರಗಳ ಸಂಗತಿ. ಹನ್ನೊಂದು ಮನೆಗೆ ಒಂದು ನಲ್ಲಿ ಎಂದು ಮೊನ್ನೆ ನಾವು ಎಣಿಸಿ ಬಂದೆವಲ್ಲ, ಅದರ ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಮಸಿಯ ಡಬ್ಬಿ ತಂದಿದ್ದೇನೆ.