ಈ ಹೋಟೆಲು ಇಲ್ಲೇ ಏಕಿದೆ?

(ಪ್ರವಾಸಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



'ಹೋಟೆಲು' ಎಂದ ಕೂಡಲೇ ಕನ್ನಡಿಗರ ಕಣ್ಣ ಮುಂದೆ ಬರುವುದು ಮಂಚ, ಹಾಸಿಗೆಗಳಲ್ಲ. ಇಡ್ಲಿ, ದೋಸೆ, ಕಾಫಿ. ಮಲಗಲು ಜಾಗ ಕೊಡುವುದಕ್ಕೆ ನಾವು ಲಾಡ್ಜು ಎನ್ನುತ್ತೇವೆ, ಅದಕ್ಕೂ ಹಿಂದೆ ಛತ್ರ ಎನ್ನುತ್ತಿದ್ದೆವು. ಪ್ರವಾಸದ ಬಗ್ಗೆ ನಮ್ಮ ಧೋರಣೆಯೂ ಈ ರೂಢಿಯ ಮಾತಿನಲ್ಲೇ ಇದೆ. ತಂಗುವ ಜಾಗವೆಂದರೆ ಗಂಟು ಮೂಟೆ ಇಟ್ಟು, ಸ್ನಾನ ಮುಗಿಸಿ, ರಾತ್ರಿ ಕಣ್ಣು ಮುಚ್ಚುವುದಕ್ಕೊಂದು ಕೋಣೆ. ಅಷ್ಟಕ್ಕೇಕೆ ತಲೆ ಕೆಡಿಸಿಕೊಳ್ಳಬೇಕು?

ಮದುವೆಗೋ ಮುಂಜಿಗೋ ಪರವೂರಿಗೆ ಹೋದಾಗ ಈ ಮಾತು ಸರಿ. ಆದರೆ ವರ್ಷಗಳ ಉಳಿತಾಯವನ್ನು ಕೂಡಿಹಾಕಿ, ಬಹುಶಃ ಜೀವಮಾನದಲ್ಲಿ ಒಂದೇ ಬಾರಿ ನೋಡುವ ಪರದೇಶದ ನಗರಕ್ಕೆ ಹೋದಾಗ ಲೆಕ್ಕ ಬೇರೆಯಾಗುತ್ತದೆ. ನಾಲ್ಕು ದಿನ ಅಲ್ಲಿದ್ದರೆ ನಿಮಗೆ ಸಿಗುವುದು ನಾಲ್ಕು ಮುಂಜಾವು, ನಾಲ್ಕು ಸಂಜೆ. ಮಧ್ಯಾಹ್ನವೆಲ್ಲ ಹೇಗಿದ್ದರೂ ಜನಜಂಗುಳಿಯ ಪಾಲು. ಊರು ತಾನಾಗಿಯೇ ಇರುವುದು ಆ ಎಂಟು ಹೊತ್ತುಗಳಲ್ಲಿ. ಆ ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ ಎಂಬುದನ್ನು ತೀರ್ಮಾನಿಸುವುದು ಹೋಟೆಲು. ಊರಾಚೆಯ ಹೆದ್ದಾರಿ ಪಕ್ಕದಲ್ಲಿ, ಕಡಿಮೆ ದರಕ್ಕೆ ಸಿಕ್ಕಿತೆಂದು ಇಳಿದುಕೊಂಡವರು ಆ ಎಂಟನ್ನೂ ಬಸ್ಸಿನ ಕಿಟಕಿಯಲ್ಲಿ ಕಳೆಯುತ್ತಾರೆ.

ಹೋಟೆಲನ್ನು ಆರಿಸುವಾಗ ನಾವೆಲ್ಲ ಮೊದಲು ಕೇಳುವುದು ನಕ್ಷತ್ರ ಎಷ್ಟು, ಬಾಡಿಗೆ ಎಷ್ಟು ಎಂದು. ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂದು ನನ್ನ ಅಭಿಪ್ರಾಯ. ಈ ಕಟ್ಟಡ ಇಲ್ಲೇ ಏಕೆ ನಿಂತಿದೆ? ಬೆಂಗಳೂರಿನ ತೋಟದಪ್ಪನವರ ಛತ್ರ ರೈಲು ನಿಲ್ದಾಣದ ಎದುರಿಗೇ ಏಕಿದೆ ಎಂದು ಕೇಳಿದರೆ, ರೈಲು ಬಂದ ಮೇಲೆ ಊರಿಗೆ ಯಾರು ಹೇಗೆ ಬರುತ್ತಿದ್ದರು ಎಂಬ ಕತೆಯೇ ಬಿಚ್ಚಿಕೊಳ್ಳುತ್ತದೆ. ಹಾಗೆ ಕಾರಣವಿದ್ದು ನಿಂತ ಕಟ್ಟಡಕ್ಕೆ ಜಾಗವೂ ಒಳ್ಳೆಯದಿರುತ್ತದೆ, ವ್ಯಕ್ತಿತ್ವವೂ ಇರುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ಹುಡುಕುವ ಅಗತ್ಯವಿಲ್ಲ. ಇದನ್ನು ತೋರಿಸಲು ಒಂದೇ ಒಂದು ನಗರವನ್ನು ಆರಿಸಿಕೊಳ್ಳುತ್ತೇನೆ. ಅದು ತುರ್ಕಿಯ ಇಸ್ತಾಂಬುಲ್.

ಅತಿಥಿಯನ್ನು ಇಳಿಸಿಕೊಳ್ಳುವ ವಿದ್ಯೆ ಆ ನಾಡಿಗೆ ಹೊಸದಲ್ಲ. ಸೆಲ್ಜುಕ್ ದೊರೆಗಳು ವ್ಯಾಪಾರದ ದಾರಿಗಳುದ್ದಕ್ಕೂ, ಒಂಟೆಸಾಲು ಒಂದು ದಿನದಲ್ಲಿ ನಡೆಯಬಲ್ಲಷ್ಟು ದೂರಕ್ಕೊಂದರಂತೆ, ಕೋಟೆಯಂಥ ಗೋಡೆಗಳ ಛತ್ರಗಳನ್ನು ಕಟ್ಟಿಸಿದ್ದರು. ಅಕ್ಸರಾಯ್ ಬಳಿಯ ಸುಲ್ತಾನ್ ಹಾನ್ 1229ರದು. ಮೂರು ದಿನ ಊಟ, ವಸತಿ, ಪ್ರಾಣಿಗಳಿಗೆ ಮೇವು ಎಲ್ಲವೂ ಧರ್ಮಾರ್ಥ. ನಗರದೊಳಗೂ ಇಂಥವೇ 'ಹಾನ್'ಗಳು ಬಂದವು. ಇಸ್ತಾಂಬುಲ್ಲಿನಲ್ಲಿ ಇವು ದೊಡ್ಡ ಬಜಾರಿಗೂ ಬಂದರಿಗೂ ನಡುವಿನ ಇಳಿಜಾರಿನಲ್ಲಿ ಒತ್ತೊತ್ತಾಗಿವೆ. ಕಾರಣ ಸರಳ: ಆಗಿನ ಪ್ರಯಾಣಿಕ ವ್ಯಾಪಾರಿ, ಕೆಳಗೆ ಸರಕು, ಮೇಲೆ ಅವನ ಹಾಸಿಗೆ. 17ನೇ ಶತಮಾನದಲ್ಲಿ ಕೋಸೆಮ್ ಸುಲ್ತಾನ್ ಎಂಬ ರಾಜಮಾತೆ ಕಟ್ಟಿಸಿದ ಬುಯುಕ್ ವಾಲಿದೆ ಹಾನ್ ಇವುಗಳಲ್ಲಿ ಬಹಳ ದೊಡ್ಡದು. ಅಲ್ಲಿ ಈಗ ತಂಗಲಾಗದು, ಅದು ಕಸಬುದಾರರ ಮಳಿಗೆಗಳ ಸಾಲು. ಹಾನ್ ಒಂದರಲ್ಲಿ ನಿಜಕ್ಕೂ ಮಲಗಬೇಕೆಂಬ ಆಸೆ ಇರುವವರು ನೆನಪಿಡಬಹುದಾದ ಊರು ಎದಿರ್ನೆ. ವಾಸ್ತುಶಿಲ್ಪಿ ಸಿನಾನ್ 16ನೇ ಶತಮಾನದಲ್ಲಿ ಕಟ್ಟಿದ ರುಸ್ತಂ ಪಾಶಾ ಕಾರವಾನ್‌ಸರಾಯನ್ನು ಅಲ್ಲಿ ಹೋಟೆಲಾಗಿ ಮಾರ್ಪಡಿಸಿದ್ದಕ್ಕೆ 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಆಮೇಲೆ ಬಂದದ್ದು ರೈಲು. ಜಾರ್ಜ್ ನಾಗೆಲ್‌ಮೇಕರ್ಸ್ ಎಂಬ ಬೆಲ್ಜಿಯಂ ಉದ್ಯಮಿ 1883ರಲ್ಲಿ ಪ್ಯಾರಿಸ್ಸಿನಿಂದ ಪೂರ್ವಕ್ಕೆ ಓರಿಯೆಂಟ್ ಎಕ್ಸ್‌ಪ್ರೆಸ್ ಹೊರಡಿಸಿದ. ಮೊದಮೊದಲು ಕೊನೆಯ ಹಂತವನ್ನು ಹಡಗಿನಲ್ಲಿ ದಾಟಬೇಕಿತ್ತು. 1889ರಲ್ಲಿ ರೈಲು ನೇರವಾಗಿ ಇಸ್ತಾಂಬುಲ್ ಮುಟ್ಟಿತು. ಮರುವರ್ಷ ಸಿರ್ಕೆಜಿ ನಿಲ್ದಾಣದ ಈಗಿನ ಚೆಂದದ ಕಟ್ಟಡ ಸಿದ್ಧವಾಯಿತು. ರೈಲಿನಲ್ಲಿ ಬೆಳ್ಳಿಯ ಚಮಚದಲ್ಲಿ ಉಂಡು ಬಂದವರು ಇಳಿದ ಮೇಲೆ ಎಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಉತ್ತರವಾಗಿ 1892ರಲ್ಲಿ ಕೆಲಸ ಶುರುವಾಗಿ, 1895ರಲ್ಲಿ ಔತಣಕೂಟದೊಂದಿಗೆ ತೆರೆದದ್ದು ಪೆರಾ ಪಾಲಸ್.

ಇಲ್ಲೊಂದು ಒಗಟಿದೆ. ನಿಲ್ದಾಣ ಇರುವುದು ಗೋಲ್ಡನ್ ಹಾರ್ನ್ ಎಂಬ ಕಡಲ ಚಾಚಿನ ದಕ್ಷಿಣ ದಂಡೆಯಲ್ಲಿ, ಸುಲ್ತಾನರ ಹಳೆಯ ಊರಿನ ಬುಡದಲ್ಲಿ. ಹೋಟೆಲು ಇರುವುದು ಆಚೆ ದಂಡೆಯ ಗುಡ್ಡದ ಮೇಲೆ. ರೈಲಿನ ಅತಿಥಿಗಳಿಗಾಗಿ ಕಟ್ಟಿದ ಹೋಟೆಲು ರೈಲಿನಿಂದ ಇಷ್ಟು ದೂರ ಏಕೆ? ಏಕೆಂದರೆ ಆ ಗುಡ್ಡ, ಅಂದರೆ ಪೆರಾ ಎಂಬ ಈಗಿನ ಬೆಯೋಲು, ಯುರೋಪಿಯನ್ನರ ಕೇರಿ. ಬ್ರಿಟನ್, ಫ್ರಾನ್ಸ್, ರಷ್ಯಾ, ಸ್ವೀಡನ್ನುಗಳ ರಾಯಭಾರ ಕಚೇರಿಗಳೆಲ್ಲ ಅಲ್ಲಿದ್ದವು. 1870ರ ದೊಡ್ಡ ಬೆಂಕಿಯಲ್ಲಿ ಮರದ ಮನೆಗಳು ಸುಟ್ಟುಹೋದ ಮೇಲೆ ಆ ಪ್ರದೇಶ ಕಲ್ಲುಕಟ್ಟಡಗಳಲ್ಲಿ ಮತ್ತೆ ಎದ್ದಿತ್ತು. ಬಂದವರಿಗೆ ಪೂರ್ವದೇಶವನ್ನು ನೋಡುವ ಆಸೆ ಇತ್ತು, ಅದರೊಳಗೆ ಮಲಗುವ ಧೈರ್ಯವಿರಲಿಲ್ಲ. ಹಾಗಾಗಿ ಅತಿಥಿಗಳನ್ನು ನಿಲ್ದಾಣದಿಂದ ಗುಡ್ಡ ಹತ್ತಿಸಲು ಪಲ್ಲಕ್ಕಿ ಕಳಿಸುತ್ತಿದ್ದರು. ಬೆಯೋಲುವಿನಲ್ಲಿ ಇಳಿದುಕೊಂಡವರು ಇಂದಿಗೂ ಕಾಣುವುದು ಆ ನಗರವನ್ನೇ: ಫ್ರೆಂಚ್ ಮಾದರಿಯ ಮನೆಗಳು, ಗಾಜಿನ ಚಾವಣಿಯ ಅಂಗಡಿ ಓಣಿಗಳು, ಚರ್ಚುಗಳು, ಮೀನಿನ ಸಂತೆ, ಮಧ್ಯರಾತ್ರಿಯವರೆಗೂ ಜನ. ಹಳೆಯ ಊರು ಎದುರುಗಡೆ ಚಿತ್ರಪಟದಂತೆ ಕಾಣುತ್ತದೆ.

ಪೆರಾ ಪಾಲಸ್ಸಿನ ಕತೆಗಳನ್ನು ಕೇಳುವಾಗ ಸ್ವಲ್ಪ ಎಚ್ಚರ ಬೇಕು. ವಾಸ್ತುಶಿಲ್ಪಿ ಅಲೆಕ್ಸಾಂಡ್ರ್ ವಲೋರಿ. ವಿದ್ಯುತ್ ಲಿಫ್ಟು ಆ ಊರಿನಲ್ಲಿ ಮೊದಲಿನದು. ಮುಸ್ತಫಾ ಕೆಮಾಲ್ ಅತಾತುರ್ಕ್ ತಂಗುತ್ತಿದ್ದ 101ನೇ ಕೋಣೆ 1981ರಿಂದ ಸ್ಮಾರಕ. ಬಲ್ಗೇರಿಯಾದಿಂದ ಬಂದಿಳಿದ ಬ್ರಿಟಿಷ್ ರಾಯಭಾರಿಯ ತಂಡದ ಸಾಮಾನಿನಲ್ಲಿ ಯಾರೋ ಇಟ್ಟಿದ್ದ ಬಾಂಬು 1941ರ ಮಾರ್ಚಿನಲ್ಲಿ ಇಲ್ಲಿ ಸಿಡಿದು ಜನ ಸತ್ತರು. ಇವೆಲ್ಲ ಇತಿಹಾಸ. ಆದರೆ ಅಗಾಥಾ ಕ್ರಿಸ್ಟಿ 411ನೇ ಕೋಣೆಯಲ್ಲಿ ಕೂತು 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್' ಬರೆದಳೆಂಬುದು ಪ್ರವಾಸಿಗಳಿಗೆ ಬಡಿಸುವ ಕತೆ. 1934ರಲ್ಲಿ ಬಂದ ಆ ಕಾದಂಬರಿಯನ್ನೇ ತೆರೆದು ನೋಡಿ. ಪತ್ತೇದಾರ ಪಾಯ್ರೊ ಇಸ್ತಾಂಬುಲ್ಲಿನಲ್ಲಿ ಹೋಗುವುದು ಪೆರಾ ಪಾಲಸ್ಸಿಗಲ್ಲ, ತೋಕಾತ್ಲಿಯಾನ್ ಹೋಟೆಲಿಗೆ! ಅರ್ಮೇನಿಯನ್ ಉದ್ಯಮಿಯೊಬ್ಬ ಕಟ್ಟಿಸಿದ ಆ ಹೋಟೆಲು ಪಕ್ಕದ ಇಸ್ತಿಕ್‌ಲಾಲ್ ರಸ್ತೆಯಲ್ಲಿ ಒಂದು ಕಾಲಕ್ಕೆ ಇದರಷ್ಟೇ ಹೆಸರಾಗಿತ್ತು. ಕಟ್ಟಡ ಇಂದಿಗೂ ಇದೆ, ಹೋಟೆಲಾಗಿ ಅಲ್ಲ. ದಾರಿಹೋಕರು ತಲೆ ಎತ್ತಿಯೂ ನೋಡುವುದಿಲ್ಲ. ಕಾದಂಬರಿಯ ನಿಜವಾದ ವಿಳಾಸ ಅನಾಥವಾಗಿದೆ, ಹೆಸರಿನ ಲಾಭ ನೆರೆಮನೆಗೆ ಹೋಗಿದೆ. ಗೋಡೆಗೆ ಹಾಕಿದ ಫಲಕವನ್ನು ನಂಬಿ ಹೆಚ್ಚು ಬಾಡಿಗೆ ಕೊಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಮೂರನೆಯದಾಗಿ ಬಂದದ್ದು ವಿಮಾನ. ತಕ್ಸಿಮ್ ಚೌಕದ ಉತ್ತರಕ್ಕೆ, ಬಾಸ್ಫರಸ್ ಜಲಸಂಧಿಯನ್ನು ನೋಡುವ ದಿಬ್ಬದ ಮೇಲೆ, 1955ರಲ್ಲಿ ಹಿಲ್ಟನ್ ತೆರೆಯಿತು. ಕಟ್ಟಡದ ಒಡೆತನ ಆಗ ತುರ್ಕಿಯ ಸರ್ಕಾರಿ ನೌಕರರ ಪಿಂಚಣಿ ನಿಧಿಯದಾಗಿತ್ತು. ನಕ್ಷೆ ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಸಂಸ್ಥೆ ಮತ್ತು ತುರ್ಕಿಯ ಸೆದಾದ್ ಹಕ್ಕಿ ಎಲ್ದೆಮ್ ಅವರದು. ಕಾನ್ರಾಡ್ ಹಿಲ್ಟನ್ ತನ್ನ ಉದ್ದೇಶವನ್ನು ಮುಚ್ಚಿಡಲಿಲ್ಲ. ಕಮ್ಯುನಿಸ್ಟ್ ಜಗತ್ತಿನ ಹೊಸ್ತಿಲಲ್ಲಿ ಅಮೆರಿಕದ ಬದುಕಿನ ಒಂದು ತುಣುಕನ್ನು ತೋರಿಸುವುದೇ ಈ ಹೋಟೆಲುಗಳ ಕೆಲಸ ಎಂದು ಬಹಿರಂಗವಾಗಿಯೇ ಹೇಳುತ್ತಿದ್ದ. ಅತಿಥಿ ಇನ್ನು ಬೀದಿಗೆ ಇಳಿಯಬೇಕಾಗಿಯೇ ಇಲ್ಲ. ನಗರ ಅವನ ಬಾಲ್ಕನಿಯ ಆಚೆಗಿನ ನೋಟ. ಜಗತ್ತಿನಾದ್ಯಂತ ಎಲ್ಲ ಕೋಣೆಗಳೂ ಒಂದೇ ತೆರನಾಗಿ ಕಾಣುವ ಪದ್ಧತಿ ಇಲ್ಲಿಂದ ಗಟ್ಟಿಯಾಯಿತು. ಆದರೂ ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಏಳು ದಶಕ ಕಳೆದ ಮೇಲೆ ಅದೂ ತನ್ನ ಕಾಲದ ಒಂದು ದಾಖಲೆ. ಅದರ ನಕಲುಗಳೇ ಬೇಸರ ತರಿಸುವುದು.

ಈಗ ಹೆಚ್ಚಿನವರು ಬಯಸುವ ಸುಲ್ತಾನಹ್ಮೆತ್‌ಗೆ ಬರೋಣ. ಆಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿ ಅರಮನೆ ಮೂರೂ ಕೂಗಳತೆಯಲ್ಲಿರುವ ಪ್ರದೇಶ. ಹಿಂದೆ ಇಲ್ಲಿ ಒಳ್ಳೆಯ ಹೋಟೆಲುಗಳೇ ಕಡಿಮೆ. ಅದನ್ನು ಬದಲಿಸಿದವರಲ್ಲಿ ಮುಖ್ಯರು ತುರ್ಕಿಯ ಟೂರಿಂಗ್ ಮತ್ತು ಆಟೊಮೊಬೈಲ್ ಕ್ಲಬ್ಬಿನ ಚೆಲಿಕ್ ಗುಲೆರ್ಸೊಯ್. 1980ರ ದಶಕದ ನಡುವಿನಲ್ಲಿ ಅವರು 'ಯೆಶಿಲ್ ಎವ್' ಅಂದರೆ ಹಸಿರು ಮನೆ ಎಂಬ ಹೋಟೆಲನ್ನೂ, ಆಯಾ ಸೋಫಿಯಾದ ಬೆನ್ನಿಗಿರುವ ಸೊಹುಕ್‌ಚೆಶ್ಮೆ ಬೀದಿಯಲ್ಲಿ ಮರದ ಮನೆಗಳ ಸಾಲನ್ನೂ ಅತಿಥಿಗಳಿಗಾಗಿ ಎಬ್ಬಿಸಿ ನಿಲ್ಲಿಸಿದರು. 'ಎಬ್ಬಿಸಿ' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಆ ಬೀದಿಯ ಮನೆಗಳು ಶಿಥಿಲವಾಗಿದ್ದವು. ಅವನ್ನು ಕೆಡವಿ, ಒಳಗೆ ಕಾಂಕ್ರೀಟು, ಹೊರಗೆ ಮರದ ಹೊದಿಕೆ ಹಾಕಿ ಹಿಂದಿನ ರೂಪದಲ್ಲೇ ಕಟ್ಟಲಾಯಿತು. ಇದು ಸಂರಕ್ಷಣೆಯಲ್ಲ, ನಾಟಕದ ಪರದೆ ಎಂದು ತಜ್ಞರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಬೀದಿಯ ಅಳತೆ, ಕಲ್ಲುಹಾಸು, ಒಂದು ಕಡೆ ಅರಮನೆಯ ಗೋಡೆ ಇವೆಲ್ಲ ಉಳಿದದ್ದೂ ಆ ಕೆಲಸದಿಂದಲೇ. ಇಲ್ಲವಾದರೆ ಅಲ್ಲಿ ಏನು ಬರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಅಲ್ಲೇ ಹತ್ತಿರದಲ್ಲಿ ಇನ್ನೊಂದು ಕಟ್ಟಡ ಮನಸ್ಸನ್ನು ಹೆಚ್ಚು ಕದಡುತ್ತದೆ. ಒಟ್ಟೊಮನ್ ಕಾಲದ ಕೊನೆಯಲ್ಲಿ ಕಟ್ಟಿದ ಸೆರೆಮನೆಯೊಂದು 1996ರಲ್ಲಿ ಫೋರ್ ಸೀಸನ್ಸ್ ಹೋಟೆಲಾಯಿತು. ಕವಿ ನಾಜಿಮ್ ಹಿಕ್ಮೆತ್ ಸೇರಿದಂತೆ ಹಲವು ಲೇಖಕರು ಅಲ್ಲಿ ಬಂದಿಗಳಾಗಿದ್ದವರು. ಕೈದಿಗಳು ಅಡ್ಡಾಡುತ್ತಿದ್ದ ಅಂಗಳದಲ್ಲಿ ಈಗ ಹೂಗಿಡ, ಊಟದ ಮೇಜು. ವ್ಯಕ್ತಿತ್ವವುಳ್ಳ ಹೋಟೆಲು ಎಂದು ನಾವು ಮೆಚ್ಚುವಾಗ ಯಾರ ಬದುಕಿನಿಂದ ಆ ವ್ಯಕ್ತಿತ್ವ ಬಂತು ಎಂಬುದನ್ನು ತಿಳಿದು ಮಲಗುವುದು ಬೇರೆ, ತಿಳಿಯದೆ ಮಲಗುವುದು ಬೇರೆ.

ಇನ್ನು ವ್ಯಾವಹಾರಿಕ ವಿಷಯ. ಸುಲ್ತಾನಹ್ಮೆತ್‌ನಲ್ಲಿ ಇದ್ದರೆ ಬೆಳಗ್ಗೆ ಏಳು ಗಂಟೆಗೆ, ಬಸ್ಸುಗಳು ಬರುವ ಮೊದಲು, ಆ ಚೌಕ ನಿಮ್ಮದು. ಸೂರ್ಯೋದಯಕ್ಕೂ ಮೊದಲಿನ ಆಜಾನ್ ಹಲವು ಮಿನಾರುಗಳಿಂದ ಒಟ್ಟಿಗೆ ಬರುತ್ತದೆ. ನಿದ್ದೆ ಹಗುರವಿರುವವರು ಒಳಗಡೆಯ ಕೋಣೆ ಕೇಳಬೇಕು. ರಾತ್ರಿ ಹೊತ್ತು ಆ ಪ್ರದೇಶ ಬೇಗ ಖಾಲಿಯಾಗುತ್ತದೆ. ಸಂಜೆಯ ತಿರುಗಾಟ ಮುಖ್ಯವೆನ್ನುವವರಿಗೆ ಬೆಯೋಲು ಲೇಸು. ಆದರೆ ಅಲ್ಲಿ ನಕ್ಷೆಯನ್ನು ನಂಬಬಾರದು. ನಕ್ಷೆಯಲ್ಲಿ ಅರ್ಧ ಕಿಲೋಮೀಟರ್ ಎಂದು ಕಾಣುವುದು ನಿಜದಲ್ಲಿ ಮೆಟ್ಟಿಲುಗಳ ಏರು. ಕರಾಕೋಯ್ ದಂಡೆಯಿಂದ ಗುಡ್ಡಕ್ಕೆ ಹೋಗಲು 1875ರಲ್ಲೇ 573 ಮೀಟರ್ ಉದ್ದದ ತುನೆಲ್ ಎಂಬ ಸುರಂಗ ರೈಲು ಹಾಕಿದರೆಂದರೆ ಆ ಏರು ಎಂಥದೆಂದು ತಿಳಿಯಿರಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಎರಡೇ ಪ್ರಶ್ನೆ ಸಾಕು: ಲಿಫ್ಟು ಉಂಟೇ, ಟ್ರಾಮ್ ನಿಲುಗಡೆಯಿಂದ ದಾರಿ ಸಮತಟ್ಟೇ? ಹಳೆಯ ಮನೆಗಳಲ್ಲಿ ಎರಡಕ್ಕೂ ಇಲ್ಲವೆಂಬ ಉತ್ತರ ಬರುವ ಸಂಭವ ಹೆಚ್ಚು.

ನಕ್ಷತ್ರಗಳ ಬಗ್ಗೆಯೂ ಒಂದು ಮಾತು. ತುರ್ಕಿಯಲ್ಲಿ ನಕ್ಷತ್ರ ಕೊಡುವುದು ಸರ್ಕಾರ, ಅದೂ ಸೌಲಭ್ಯಗಳನ್ನು ಎಣಿಸಿ. ಹಳೆಯ ಬಂಗಲೆಗಳು ಆ ಅಳತೆಗೆ ಹೊಂದದ ಕಾರಣ ಅವಕ್ಕೆ 'ವಿಶೇಷ' ಎಂಬ ಬೇರೆ ಪರವಾನಗಿ ಇದೆ. ಹೀಗಾಗಿ ನಕ್ಷತ್ರವೇ ಇಲ್ಲದ ಹೋಟೆಲು ಕೀಳಾಗಿರಬೇಕೆಂದಿಲ್ಲ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರುವುದು ಸಾಮಾನ್ಯ: ಬ್ರೆಡ್ಡು, ಚೀಸು, ಆಲಿವ್, ಟೊಮೇಟೊ, ಸೌತೆ, ಜೇನು, ಬೇಕಾದವರಿಗೆ ಮೊಟ್ಟೆ. ನಮ್ಮ ಸಸ್ಯಾಹಾರಿಗಳು ಮಧ್ಯಾಹ್ನದವರೆಗೆ ನಿಶ್ಚಿಂತೆಯಿಂದ ಇರಬಹುದು.

ಇನ್ನೊಂದು ಮುಖ್ಯ ಎಚ್ಚರಿಕೆ. ಯೆಶಿಲ್‌ಕೋಯ್ ಕಡೆಯ ಅತಾತುರ್ಕ್ ವಿಮಾನ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು 2019ರ ಏಪ್ರಿಲ್‌ನಲ್ಲಿ ನಿಂತುಹೋದವು. ಹೊಸ ನಿಲ್ದಾಣ ಬೇರೆಯೇ ದಿಕ್ಕಿನಲ್ಲಿ, ಕಪ್ಪು ಸಮುದ್ರದ ಕಡೆ, ಹಳೆಯ ಊರಿನಿಂದ 40 ಕಿಲೋಮೀಟರಿಗೂ ದೂರದಲ್ಲಿದೆ. 2023ರಿಂದ ಮೆಟ್ರೊ ಇದೆ. ಹಳೆಯ ನಿಲ್ದಾಣದ ಸುತ್ತ ಕಟ್ಟಿದ ಹೋಟೆಲುಗಳಿಗೆ ಅಲ್ಲಿರಲು ಇದ್ದ ಕಾರಣವೇ ಹೊರಟುಹೋಯಿತು. ಅಲ್ಲಿ ಕಡಿಮೆ ದರ ಕಂಡರೆ ಆಶ್ಚರ್ಯಪಡಬೇಡಿ, ಹಿಗ್ಗಲೂ ಬೇಡಿ.

ಹೋಟೆಲೇ ಬೇಡ, ಊರಿನವರ ಮನೆಯಲ್ಲೇ ಬಾಡಿಗೆಗಿರೋಣ ಎನ್ನುವವರೂ ಉಂಟು. ಕಲ್ಪನೆ ಚೆನ್ನ. ಆದರೆ ಅತಿಥಿ ಬಾಡಿಗೆಯ ಆಸೆಗೆ ಮನೆಗಳು ಒಂದೊಂದಾಗಿ ಖಾಲಿಯಾದರೆ ಕೇರಿಯಲ್ಲಿ ಉಳಿಯುವುದು ನಮ್ಮಂಥ ಪ್ರವಾಸಿಗಳು ಮಾತ್ರ. ನೋಡಬೇಕೆಂದು ಬಂದ ನೆರೆಹೊರೆಯೇ ಇರುವುದಿಲ್ಲ. 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಂತೆ ಅಲ್ಲಿ ಅಲ್ಪಾವಧಿ ಬಾಡಿಗೆಗೆ ಪರವಾನಗಿ ಕಡ್ಡಾಯ; ಅದಕ್ಕೆ ಕಟ್ಟಡದ ಇತರ ಮಾಲೀಕರ ಒಪ್ಪಿಗೆಯೂ ಬೇಕು. ಮುಂಗಡ ಕೊಡುವ ಮೊದಲು ಪರವಾನಗಿ ಕೇಳಿ.

ಕೊನೆಗೆ, ಎರಡನೆಯ ಸಲ ಹೋಗುವವರಿಗೆ ಒಂದು ಸೂಚನೆ. ಆಗ ಏಷ್ಯಾ ದಂಡೆಯ ಕಾದಿಕೋಯ್ ನೋಡಿ. ಅಲ್ಲಿ ಅರಮನೆಗಳಿಲ್ಲ, ಸಂತೆ ಇದೆ, ಊರಿನವರು ಇದ್ದಾರೆ. ದಿನವೂ ಎಮಿನೋನುವಿಗೋ ಕರಾಕೋಯ್‌ಗೋ ದೋಣಿಯಲ್ಲಿ ಸುಮಾರು ಇಪ್ಪತ್ತು ನಿಮಿಷದ ದಾರಿ. ಗುಮ್ಮಟಗಳ ಸಾಲು ಎದುರಿಗೆ ಮೆಲ್ಲಗೆ ಹತ್ತಿರವಾಗುತ್ತದೆ, ಮೇಲೆ ಕಡಲಹಕ್ಕಿಗಳು, ಕೈಯಲ್ಲಿ ಚಹಾ. ರಾತ್ರಿಯ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಹೊರಡುವ ಮೊದಲೇ ಹೋಟೆಲಿನವರಲ್ಲಿ ಕೇಳಿಟ್ಟುಕೊಳ್ಳಿ. ತಪ್ಪಿದರೆ ಸಮುದ್ರದಡಿಯ ಮರ್ಮರಾಯ್ ರೈಲು ಉಂಟು, ಅದೂ ತಡರಾತ್ರಿಯವರೆಗೆ ಮಾತ್ರ.