ಕಣ್ಣಿನ ಅಮೀಬಾ ಮತ್ತು ಅದರ ಮದ್ದು
(ಮಹಾಪೆಯ ಕಾರ್ಮಿಕರ ಮುಂದೆ ಮಾಡಿದ ಭಾಷಣ)



ಅಮೀಬಾ ಎಂದರೆ ಹೋಟೆಲಿನ ಸೋದರರಿಗೆ ಆಮಶಂಕೆಯ ನೆನಪು. ಮೆಟ್ರೊನಿಡಜೋಲ್ ಗುಳಿಗೆಯೂ ತಮಗೆ ಹಳೆಯ ಪರಿಚಯವೇ. ನಾನಿಂದು ಹೇಳುವುದು ಅದರ ದಾಯಾದಿಯ ಮಾತು. ಅಕಾಂತಮೀಬಾ ಎಂದು ಇದರ ಹೆಸರು. ಮಣ್ಣು, ಧೂಳು, ಟಾಂಕಿಯ ನೀರು ಎಲ್ಲೆಲ್ಲೂ ಇರುತ್ತದೆ. ಕಣ್ಣಿನ ಕರಿಗುಡ್ಡೆಯ ಮೇಲಿನ ಗಾಜಿನಂಥ ಪಟಲಕ್ಕೆ ಗೀರು ಬಿದ್ದರೆ ಒಳಹೊಕ್ಕು ಹುಣ್ಣು ಮಾಡುತ್ತದೆ. ಹೊಟ್ಟೆಯ ಗುಳಿಗೆಗೆ ಇದು ಬಗ್ಗುವುದಿಲ್ಲ.

ಪಶ್ಚಿಮ ದೇಶಗಳಲ್ಲಿ ಇದು ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ರೋಗ. ನಮ್ಮಲ್ಲಿ ಹಾಗಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2000ದಲ್ಲಿ ಪ್ರಕಟಿಸಿದ ವರದಿಯೊಂದು ಲೆನ್ಸ್ ಹಾಕದ ರೋಗಿಗಳದ್ದೇ. ಕಣ್ಣಿಗೆ ಪೆಟ್ಟು, ಕೊಳೆನೀರು, ಇವೇ ಇಲ್ಲಿ ಮುಖ್ಯ ಕಾರಣ. ಇಲ್ಲಿನ ಎಂ.ಐ.ಡಿ.ಸಿ.ಯಲ್ಲಿ ಗ್ರೈಂಡರ್ ಹಿಡಿದು, ಕಣ ಹಾರಿದೊಡನೆ ಟಾಂಕಿಯ ನಲ್ಲಿಗೆ ಓಡುವವರು ನಾವೇ ಅಲ್ಲವೆ? ಆಸಿಡ್ ಸಿಡಿದರೆ ಮಾತ್ರ ಸಿಕ್ಕ ನೀರಿನಲ್ಲಿ ತತ್‌ಕ್ಷಣ ತೊಳೆಯಲೇಬೇಕು. ಧೂಳಿಗಾದರೆ ಕುದಿಸಿ ಆರಿಸಿದ ನೀರು ಲೇಸು.

ಇದಕ್ಕೆ ಬಹುಕಾಲ ಮದ್ದೇ ಇರಲಿಲ್ಲ. 1985ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರೊಪಮಿಡೀನ್ ಹನಿಗಳಿಂದ ಒಬ್ಬ ರೋಗಿಯನ್ನು ಗುಣಪಡಿಸಿದ ವರದಿ ಬಂತು. 1992ರಲ್ಲಿ ಪಿ.ಎಚ್.ಎಂ.ಬಿ. ಬಂತು. ಈಜುಕೊಳ ಶುದ್ಧಿಗೆ ಬಳಸುವ ವಸ್ತುವೇ ಅದು! ನೂರಕ್ಕೆ 0.02ರಷ್ಟು ಬೆರೆಸಿ ಹನಿ ಮಾಡುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಕೂಡ ಅದೇ ಅಳತೆಯಲ್ಲಿ. (ಬಾಯಿ ಮುಕ್ಕಳಿಸುವ ಸೀಸೆಯನ್ನು ಕಣ್ಣಿಗೆ ಸುರಿದೀರಿ, ಜೋಕೆ!) 2024ರಲ್ಲಿ ಯುರೋಪು 0.08ರ ಹನಿಗೆ ಒಪ್ಪಿಗೆ ಕೊಟ್ಟಿದೆ.

ಆದರೆ ಈ ಜೀವಿ ಮಹಾ ಕಿಲಾಡಿ. ಮದ್ದು ತಾಗಿದೊಡನೆ ಎರಡು ಗೋಡೆಯ ಕೋಶ ಕಟ್ಟಿಕೊಂಡು ಒಳಗೆ ಕುಳಿತುಬಿಡುತ್ತದೆ. ಆದ್ದರಿಂದಲೇ ಮೊದಲ ದಿನಗಳಲ್ಲಿ ಹಗಲಿರುಳೂ ಗಂಟೆಗೊಮ್ಮೆ ಹನಿ. ಆಮೇಲೆ ಕಡಿಮೆ ಮಾಡುತ್ತ ತಿಂಗಳುಗಟ್ಟಲೆ. ನೋವು ತಗ್ಗಿತೆಂದು ಪಾಳಿಗೆ ಹೋಗಿ ಮದ್ದು ಬಿಟ್ಟರೆ ಅದು ಮತ್ತೆ ಏಳುತ್ತದೆ. ಇದನ್ನು ಹರ್ಪಿಸ್ ಎಂದು ತಪ್ಪು ತಿಳಿಯುವುದೂ ಉಂಟು. ಪಟಲವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೇ ತಿಳಿದೀತು. ಮೆಡಿಕಲ್ ಅಂಗಡಿಯವನು ಕೊಡುವ ಸ್ಟಿರಾಯ್ಡ್ ಹನಿ ಕೆಂಪನ್ನು ಇಳಿಸಿ, ರೋಗವನ್ನು ಬೆಳೆಸುತ್ತದೆ.

ಗಂಟೆಗೊಮ್ಮೆ ಹನಿ ಹಾಕುವವನು ದುಡಿಯುವುದು ಹೇಗೆ? ಇ.ಎಸ್.ಐ. ಇದ್ದವರಿಗೆ ಕಾಯಿಲೆಯ ರಜೆಯಲ್ಲಿ ನೂರಕ್ಕೆ 70ರಷ್ಟು ಕೂಲಿ, ವರ್ಷಕ್ಕೆ 91 ದಿನ. ಈ ರೋಗಕ್ಕೆ ಅದು ಸಾಲದೆ ಹೋಗಬಹುದು. ಕೆಲಸದಲ್ಲಾದ ಪೆಟ್ಟೆಂದು ಒಪ್ಪಿದರೆ ನೂರಕ್ಕೆ 90, ಅದೂ ಅಶಕ್ತತೆ ಇರುವಷ್ಟು ಕಾಲ. ಆದ್ದರಿಂದ ಕಣ್ಣಿಗೆ ಕಣ ಹಾರಿದರೆ, ಎಷ್ಟೇ ಸಣ್ಣದಿರಲಿ, ಅದೇ ದಿನ ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಯಿಸಿಬಿಡಿ.