ಹ್ಯಾನೋವರ್‌ನ ಇನ್ನೊಂದು ತಂಡ

ಜರ್ಮನಿಯ ರಾಕ್ ಸಂಗೀತ ಎಂದೊಡನೆ ನಿಮಗೆ ನೆನಪಾಗುವುದು ಸ್ಕಾರ್ಪಿಯನ್ಸ್ ಇರಬೇಕು. ಅವರದೇ ಊರಾದ ಹ್ಯಾನೋವರ್‌ನಲ್ಲಿ 1969ರಲ್ಲಿ ಇನ್ನೊಂದು ತಂಡ ಹುಟ್ಟಿತು. ಅದರ ಹೆಸರು ಎಲಾಯ್. ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ 'ದಿ ಟೈಮ್ ಮೆಷಿನ್' ಕಾದಂಬರಿಯಲ್ಲಿ ಬರುವ, ಬಹುದೂರದ ಭವಿಷ್ಯದ ಜನಾಂಗವೊಂದರಿಂದ ಎರವಲು ತಂದ ಹೆಸರು ಅದು. ಹಾಡಿನ ಭಾಷೆಯೂ ಎರವಲೇ: ಇಂಗ್ಲಿಷ್.

ಈ ಎರವಲೇ ತಂಡಕ್ಕೆ ಮುಳುವಾಯಿತೇನೋ. ತಂಡ ಕಟ್ಟಿದ ಗಿಟಾರ್ ವಾದಕ ಫ್ರಾಂಕ್ ಬೋರ್ನೆಮಾನ್ ಹಾಡುತ್ತಿದ್ದ ಇಂಗ್ಲಿಷಿಗೆ ಜರ್ಮನ್ ನಾಲಿಗೆಯ ಗಡಸು ಅಂಟಿಕೊಂಡೇ ಇತ್ತು. ವಿಮರ್ಶಕರು ಅದನ್ನೇ ಎತ್ತಿ ಆಡಿದರು. ಪಿಂಕ್ ಫ್ಲಾಯ್ಡ್‌ನ ನೆರಳು ಎಂದೂ ಜರೆದರು. ನೆರಳು ಇದ್ದದ್ದು ಸುಳ್ಳೇನಲ್ಲ.

ಆದರೂ 1977ರ 'ಓಷನ್' ಒಮ್ಮೆ ಕೇಳಿ ನೋಡಿ. ಕಡಲಲ್ಲಿ ಮುಳುಗಿತೆಂಬ ದಂತಕಥೆಯ ಅಟ್ಲಾಂಟಿಸ್ ದ್ವೀಪದ ಹುಟ್ಟು, ಮೆರೆದಾಟ, ಅಳಿವು, ಎಲ್ಲವೂ ನಾಲ್ಕೇ ಹಾಡುಗಳಲ್ಲಿವೆ. ಕೊನೆಯದೊಂದೇ 15 ನಿಮಿಷ ದಾಟುತ್ತದೆ. ಕೀಬೋರ್ಡಿನ ಅಲೆಗಳ ಮೇಲೆ ಬಾಸ್ ಗಿಟಾರ್ ಬಿಡದೆ ಈಜುತ್ತದೆ. ಅಲ್ಲಿ ಆ ಅನ್ಯ ಉಚ್ಚಾರವೇ ಹೊಂದುತ್ತದೆ. ಕಾಣದ ನಾಡಿನ ಕಥೆ ಹೇಳುವವನು ಲಂಡನ್ನಿನವನಂತೆ ಏಕೆ ಮಾತಾಡಬೇಕು? ಸಾಹಿತ್ಯ ಬರೆದವನು ಡ್ರಮ್ ವಾದಕ ಯೂರ್ಗೆನ್ ರೋಸೆಂಟಾಲ್. ತಮಾಷೆಯೆಂದರೆ, ಈತ ಹಿಂದೆ ಸ್ಕಾರ್ಪಿಯನ್ಸ್‌ನಲ್ಲೇ ಡ್ರಮ್ ಬಾರಿಸಿದ್ದವನು.

ಸ್ವದೇಶದಲ್ಲಿ ತಟ್ಟೆಗಳು ಚೆನ್ನಾಗಿ ಖರ್ಚಾದವು, ಹೊರಗೆ ಹೆಸರು ಹಬ್ಬಲಿಲ್ಲ. 1979ರ ತಟ್ಟೆಯ ನಂತರ ರೋಸೆಂಟಾಲ್ ಹೊರನಡೆದ. 1984ರಲ್ಲಿ ತಂಡವೇ ಒಡೆಯಿತು. 1988ರಲ್ಲಿ 'ರಾ' ಮೂಲಕ ಬೋರ್ನೆಮಾನ್ ಅದನ್ನು ಮತ್ತೆ ಎಬ್ಬಿಸಿದ. 2017 ಮತ್ತು 2019ರಲ್ಲಿ, ಜೋನ್ ಆಫ್ ಆರ್ಕ್‌ಳ ಬದುಕನ್ನು ಎರಡು ಭಾಗಗಳಲ್ಲಿ ಹೊರತಂದ. ಅದು ಫ್ರಾನ್ಸಿನ ಕಥೆ, ಜರ್ಮನ್ ಕಂಠ, ಭಾಷೆ ಮತ್ತದೇ ಇಂಗ್ಲಿಷ್.